ಬೇಸ್‌ಬಾಲ್ ಪ್ರಿಯರಿಗೆ ಎರಡು ಗ್ರಂಥಗಳು

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಆಸಕ್ತಿಯುಳ್ಳವರು ಯಾವ ಪುಸ್ತಕದಿಂದ ಓದನ್ನು ಆರಂಭಿಸಬೇಕೆಂದು ಕೇಳಿದರೆ, ಲಾರೆನ್ಸ್ ರಿಟ್ಟರ್ ಅವರ ‘ದಿ ಗ್ಲೋರಿ ಆಫ್ ದೇರ್ ಟೈಮ್ಸ್’ ಎಂದು ನಾನು ಹೇಳುತ್ತೇನೆ. ಅದೊಂದನ್ನೇ ಓದಿ ನಿಲ್ಲಿಸಬಾರದೆಂದೂ ಸೇರಿಸುತ್ತೇನೆ.

ರಿಟ್ಟರ್ ಮಹಾಶಯರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1961ರಲ್ಲಿ ಹೆಸರಾಂತ ದಾಂಡುಗಾರ ಟೈ ಕಾಬ್ ತೀರಿಕೊಂಡಾಗ, ಆ ಪೀಳಿಗೆಯ ಮಾತು ಮಣ್ಣಾಗುವ ಮೊದಲೇ ಹಿಡಿದಿಡಬೇಕೆಂಬ ಹಂಬಲ ಅವರಿಗೆ ಹುಟ್ಟಿತು. ಧ್ವನಿಮುದ್ರಣ ಯಂತ್ರವನ್ನು ಹೊತ್ತು ಸುಮಾರು 75,000 ಮೈಲಿ ಅಲೆದರು. ಸ್ಯಾಮ್ ಕ್ರಾಫರ್ಡ್ ಎಂಬ ಹಳೆಯ ಹುಲಿಯನ್ನು ಅರಸುತ್ತ ಕ್ಯಾಲಿಫೋರ್ನಿಯದ ಸಣ್ಣ ಊರೊಂದಕ್ಕೆ ಹೋಗಿ, ಸುಳಿವು ಸಿಗದೆ, ಕಾಸು ಹಾಕಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯನ್ನು ಹೊಕ್ಕರಂತೆ. ಪಕ್ಕದಲ್ಲಿದ್ದ ಮುದುಕನನ್ನು ವಿಚಾರಿಸಿದರೆ ಆತನೇ ಕ್ರಾಫರ್ಡ್!

1966ರಲ್ಲಿ ಹೊರಬಂದ ಈ ಗ್ರಂಥದಲ್ಲಿ 22 ಮಂದಿ ಹಳೆಯ ಆಟಗಾರರು ಮಾತನಾಡುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತವನು ಫ್ರೆಡ್ ಸ್ನಾಡ್‌ಗ್ರಾಸ್. 1912ರ ವರ್ಲ್ಡ್ ಸೀರೀಸಿನ ಕೊನೆಯ ಪಂದ್ಯದಲ್ಲಿ ಕೈಗೆ ಬಂದ ಚೆಂಡನ್ನು ಬಿಟ್ಟವನು ಈತ. ಮರುಕ್ಷಣವೇ ಹ್ಯಾರಿ ಹೂಪರ್ ಹೊಡೆದ ಚೆಂಡನ್ನು ಅದ್ಭುತವಾಗಿ ಹಿಡಿದ. ಅದನ್ನು ಯಾರು ಲೆಕ್ಕಕ್ಕಿಟ್ಟರು? ಮುಂದೆ ತನ್ನೂರಿಗೆ ಮೇಯರನೂ ಆದ. ಆದರೂ 1974ರಲ್ಲಿ ಆತ ತೀರಿಕೊಂಡಾಗ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ತಲೆಬರಹ ನೆನೆದದ್ದು ಬಿಟ್ಟ ಚೆಂಡನ್ನೇ. ಸೊಸೆ ಒಡೆದ ಮಡಕೆಯನ್ನು ಅತ್ತೆ ಮರೆಯುವುದುಂಟೆ!

ಇಷ್ಟು ಸೊಗಸಾದ ಗ್ರಂಥದಲ್ಲಿ ಕಪ್ಪು ಜನಾಂಗದ ಒಬ್ಬನ ದನಿಯೂ ಇಲ್ಲ. ದೋಷ ರಿಟ್ಟರ್ ಅವರದಲ್ಲ. ಅವರು ಹುಡುಕಿದ್ದು ದೊಡ್ಡ ಲೀಗುಗಳ ಹಳಬರನ್ನು. 1947ರಲ್ಲಿ ಜಾಕಿ ರಾಬಿನ್‌ಸನ್ ಬರುವವರೆಗೆ ಆರು ದಶಕಗಳ ಕಾಲ ಆ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಅವರು ತಮ್ಮದೇ ಲೀಗುಗಳನ್ನು ಕಟ್ಟಿಕೊಂಡು ಆಡಿದರು. ಹಳೆಯ ಪತ್ರಿಕೆಗಳನ್ನು ಜಾಲಾಡಿ, ಉಳಿದಿದ್ದ ಆಟಗಾರರನ್ನು ಕಂಡು, ರಾಬರ್ಟ್ ಪೀಟರ್‌ಸನ್ ಎಂಬ ಪತ್ರಕರ್ತರು 1970ರಲ್ಲಿ ಆ ಇತಿಹಾಸವನ್ನು ಬರೆದರು. ‘ಓನ್ಲಿ ದ ಬಾಲ್ ವಾಸ್ ವೈಟ್’ ಎಂಬ ಅದರ ಹೆಸರೇ ಒಂದು ಚಾಟಿಯೇಟು: ಬೆಳ್ಳಗಿದ್ದದ್ದು ಚೆಂಡು ಮಾತ್ರ! ಕೊನೆಯಲ್ಲಿ ಆಟಗಾರರ ಹೆಸರುಗಳ ಉದ್ದನೆಯ ಪಟ್ಟಿಯಿದೆ. ಅದು ಬೇಸರದ್ದೆಂದು ಹಾರಿಸಬೇಡಿ. ಎಷ್ಟೋ ಜನರ ಪಾಲಿಗೆ ಅದೇ ಶಿಲಾಶಾಸನ.

ಅಲ್ಲಿ ಜಾಶ್ ಗಿಬ್ಸನ್ ಇದ್ದಾನೆ. ರಾಬಿನ್‌ಸನ್ ಕಣಕ್ಕಿಳಿಯುವುದಕ್ಕೆ ಮೂರೇ ತಿಂಗಳು ಮುಂಚೆ, 1947ರ ಜನವರಿಯಲ್ಲಿ, ಆತ ತೀರಿಕೊಂಡ. 2024ರಲ್ಲಿ ಆ ಲೀಗುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ, ಟೈ ಕಾಬನ ಸರಾಸರಿ ಸಾವಿರಕ್ಕೆ 367 ಹೊಡೆತಗಳಿದ್ದರೆ ಗಿಬ್ಸನ್ನನದು 372 ಎಂದು ಪ್ರಕಟವಾಯಿತು. ಪೀಟರ್‌ಸನ್ ಅದನ್ನು ಕಾಣಲಿಲ್ಲ, 2006ರಲ್ಲಿಯೇ ಹೋಗಿಬಿಟ್ಟಿದ್ದರು.