ಗುರುರಾಜ ಪೂಜಾರಿ

ಗುರುರಾಜ ಪೂಜಾರಿ (ಜನನ: 1992) ಭಾರತದ ವೇಟ್‌ಲಿಫ್ಟರ್. ಇವರು ಕರ್ನಾಟಕದ ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನ ವಂಡ್ಸೆಯವರು. 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರ 56 ಕೆ.ಜಿ. ವಿಭಾಗದ ಬೆಳ್ಳಿ ಪದಕವನ್ನೂ, 2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಕೂಟದಲ್ಲಿ 61 ಕೆ.ಜಿ. ವಿಭಾಗದ ಕಂಚಿನ ಪದಕವನ್ನೂ ಪಡೆದಿದ್ದಾರೆ. 2018ರ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕ ಇವರದಾಗಿತ್ತು. ಕುಸ್ತಿಪಟುವಾಗಬೇಕೆಂಬ ಆಸೆಯಿಂದ ಕ್ರೀಡೆಗೆ ಬಂದ ಇವರು ಕಾಲೇಜು ದಿನಗಳಲ್ಲಿ ವೇಟ್‌ಲಿಫ್ಟಿಂಗ್‌ಗೆ ತಿರುಗಿದರು. ಎತ್ತರ ಸಾಲದೆಂಬ ಕಾರಣಕ್ಕೆ ಭೂಸೇನೆಯ ಆಯ್ಕೆಯಲ್ಲಿ ತಿರಸ್ಕೃತರಾದ ಬಳಿಕ ಭಾರತೀಯ ವಾಯುಪಡೆಯನ್ನು ಸೇರಿ ಕ್ರೀಡಾಜೀವನವನ್ನು ಮುಂದುವರಿಸಿದರು.

ಹುಟ್ಟೂರು ಮತ್ತು ಹಿನ್ನೆಲೆ

ವಂಡ್ಸೆಯು ಕುಂದಾಪುರದಿಂದ ಹೆಮ್ಮಾಡಿಯ ಮೂಲಕ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿರುವ ಊರು. ಪಶ್ಚಿಮ ಘಟ್ಟಗಳ ತಪ್ಪಲಿಗೆ ಹತ್ತಿರವಿರುವ ಈ ಪ್ರದೇಶದಲ್ಲಿ ಕುಂದಗನ್ನಡ ಆಡುಮಾತು. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಹಳ್ಳಿಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಮತ್ತು ಕಂಬಳ ಜನಪ್ರಿಯ. ವೇಟ್‌ಲಿಫ್ಟಿಂಗ್‌ಗೆ ಬೇಕಾದ ವೇದಿಕೆ, ಸರಳು ಮತ್ತು ತೂಕದ ಬಿಲ್ಲೆಗಳು ಊರಿನ ಮೈದಾನದಲ್ಲಿ ದೊರೆಯುವಂಥವಲ್ಲ. ಹಾಗಾಗಿ ಈ ಕ್ರೀಡೆಯ ಪರಿಚಯ ಸಾಮಾನ್ಯವಾಗಿ ಶಾಲೆ ಅಥವಾ ಕಾಲೇಜಿನ ವ್ಯಾಯಾಮಶಾಲೆಯ ಮೂಲಕವೇ ಆಗುತ್ತದೆ. ಗುರುರಾಜರ ವಿಷಯದಲ್ಲೂ ಹೀಗೆಯೇ ಆಯಿತು.

ಗುರುರಾಜರ ತಂದೆ ಟ್ರಕ್ ಚಾಲಕರಾಗಿದ್ದರು. ಸೀಮಿತ ಆದಾಯದ ದೊಡ್ಡ ಕುಟುಂಬದಲ್ಲಿ ಬೆಳೆದ ಇವರಿಗೆ, ಭಾರ ಎತ್ತುವ ಕ್ರೀಡಾಪಟುವಿಗೆ ಅಗತ್ಯವಾದ ಪೌಷ್ಟಿಕ ಆಹಾರವನ್ನು ಹೊಂದಿಸಿಕೊಳ್ಳುವುದು ಆರಂಭದ ವರ್ಷಗಳಲ್ಲಿ ಕಷ್ಟವಾಗಿತ್ತು. ಇದನ್ನು ಅವರು 2018ರ ಪದಕದ ನಂತರ ಮಾಧ್ಯಮಗಳಿಗೆ ತಿಳಿಸಿದ್ದಾರೆ.

ಕುಸ್ತಿಯಿಂದ ವೇಟ್‌ಲಿಫ್ಟಿಂಗ್‌ಗೆ

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಅವರು ಪುರುಷರ 66 ಕೆ.ಜಿ. ಫ್ರೀಸ್ಟೈಲ್ ಕುಸ್ತಿಯಲ್ಲಿ ಕಂಚಿನ ಪದಕ ಗಳಿಸಿದರು. ಇದನ್ನು ಕಂಡು ಗುರುರಾಜರಿಗೂ ಕುಸ್ತಿಪಟುವಾಗಬೇಕೆಂಬ ಆಸೆ ಮೂಡಿತು ಮತ್ತು ಶಾಲಾ ದಿನಗಳಲ್ಲಿ ಅವರು ಕುಸ್ತಿಯ ಅಭ್ಯಾಸ ಆರಂಭಿಸಿದರು.

ಮುಂದೆ ಅವರು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜನ್ನು ಸೇರಿದರು. ಅಲ್ಲಿ ತರಬೇತುದಾರ ರಾಜೇಂದ್ರ ಪ್ರಸಾದ್ ಅವರು ಇವರ ಮೈಕಟ್ಟು ಮತ್ತು ಸಾಮರ್ಥ್ಯವನ್ನು ಗಮನಿಸಿ ವೇಟ್‌ಲಿಫ್ಟಿಂಗ್‌ನತ್ತ ತಿರುಗುವಂತೆ ಸೂಚಿಸಿದರು. 2010ರಲ್ಲಿ ತರಬೇತಿ ಆರಂಭವಾಯಿತು. ಸರಳನ್ನು ಎತ್ತುವ ಕ್ರಮವೇ ತಿಳಿಯದೆ ಆರಂಭದಲ್ಲಿ ತಾವು ಹತಾಶರಾಗಿದ್ದುದಾಗಿ ಗುರುರಾಜ ನಂತರ ನೆನಪಿಸಿಕೊಂಡಿದ್ದಾರೆ. ಪುರುಷರ ಸ್ಪರ್ಧೆಯಲ್ಲಿ ಬಳಸುವ ಬರಿಯ ಸರಳಿನ ತೂಕವೇ 20 ಕೆ.ಜಿ. ಇರುತ್ತದೆ.

ಉದ್ಯೋಗದ ಪ್ರಯತ್ನ: ಭೂಸೇನೆ ಮತ್ತು ವಾಯುಪಡೆ

ಭಾರತದಲ್ಲಿ ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್‌ನಂತಹ ಆಟಗಳಿಗೆ ಆಟಗಾರರೊಡನೆ ಒಪ್ಪಂದ ಮಾಡಿಕೊಳ್ಳುವ ಲೀಗ್‌ಗಳಿವೆ. ವೇಟ್‌ಲಿಫ್ಟಿಂಗ್‌ನಲ್ಲಿ ಇಂತಹ ವ್ಯವಸ್ಥೆ ಬೆಳೆದಿಲ್ಲ. ಕಾಲೇಜು ಮುಗಿದ ಬಳಿಕವೂ ಅಭ್ಯಾಸ ಮುಂದುವರಿಸಲು ಬಯಸುವ ವೇಟ್‌ಲಿಫ್ಟರ್‌ಗೆ ಸಂಬಳ, ಊಟ, ವ್ಯಾಯಾಮಶಾಲೆ ಮತ್ತು ತರಬೇತುದಾರರನ್ನು ಒಟ್ಟಿಗೆ ಒದಗಿಸುವ ಮುಖ್ಯ ದಾರಿಯೆಂದರೆ ರಕ್ಷಣಾ ಪಡೆಗಳು, ರೈಲ್ವೆ, ಪೊಲೀಸ್ ಮತ್ತು ಸಾರ್ವಜನಿಕ ಸಂಸ್ಥೆಗಳಲ್ಲಿನ ಕ್ರೀಡಾ ಕೋಟಾದ ಉದ್ಯೋಗ. ರಕ್ಷಣಾ ಪಡೆಗಳ ಕ್ರೀಡಾಪಟುಗಳು ರಾಷ್ಟ್ರೀಯ ಕೂಟಗಳಲ್ಲಿ ಸರ್ವಿಸಸ್ ತಂಡದ ಪರವಾಗಿ ಸ್ಪರ್ಧಿಸುತ್ತಾರೆ. ಇಂತಹ ಕೆಲಸ ದೊರೆಯದಿದ್ದರೆ ಕಾಲೇಜು ಮಟ್ಟದ ಕ್ರೀಡಾಪಟುಗಳಲ್ಲಿ ಅನೇಕರು ಪದವಿಯೊಂದಿಗೇ ಕ್ರೀಡೆಯನ್ನೂ ಬಿಡಬೇಕಾಗುತ್ತದೆ.

ಗುರುರಾಜ ಮೊದಲು ಭೂಸೇನೆಯನ್ನು ಸೇರಲು ಪ್ರಯತ್ನಿಸಿದರು. ನೇಮಕಾತಿಗೆ ನಿಗದಿಯಾಗಿದ್ದ ಎತ್ತರಕ್ಕಿಂತ ಕುಳ್ಳಗಿದ್ದ ಕಾರಣ ಅವರ ಆಯ್ಕೆಯಾಗಲಿಲ್ಲ. ಕಡಿಮೆ ತೂಕದ ವಿಭಾಗಗಳಲ್ಲಿ ಗಿಡ್ಡ ದೇಹ ವೇಟ್‌ಲಿಫ್ಟರ್‌ಗೆ ಅನುಕೂಲಕರ. ಸರಳನ್ನು ನೆಲದಿಂದ ತಲೆಯ ಮೇಲಕ್ಕೆ ಒಯ್ಯಬೇಕಾದ ದೂರ ಕಡಿಮೆಯಾಗುತ್ತದೆ. ಕ್ರೀಡೆಯಲ್ಲಿ ನೆರವಾಗುತ್ತಿದ್ದ ಅದೇ ದೇಹಗುಣ ಉದ್ಯೋಗಕ್ಕೆ ಅಡ್ಡಿಯಾಯಿತು. ಈ ನಿರಾಸೆಯ ನಂತರ, ವಾಯುಪಡೆಯ ನೇಮಕಾತಿಯಲ್ಲಿ ಎತ್ತರದ ಮಾನದಂಡಕ್ಕೆ ಕೆಲವು ವಿನಾಯಿತಿಗಳಿವೆ ಎಂಬುದು ಅವರಿಗೆ ತಿಳಿಯಿತು. ಅಲ್ಲಿ ಆಯ್ಕೆಯಾಗಿ ಸೇವೆಗೆ ಸೇರಿದ ಅವರು ವೇಟ್‌ಲಿಫ್ಟಿಂಗ್‌ನಲ್ಲಿ ಉಳಿದುಕೊಂಡರು. 2018ರ ಕೂಟದಲ್ಲಿ ಸ್ಪರ್ಧಿಸಿದಾಗ ಅವರು ವಾಯುಪಡೆಯ ಕೆಳಹಂತದ ಹುದ್ದೆಯಲ್ಲಿದ್ದರು.

ಸ್ಪರ್ಧೆಯ ನಿಯಮಗಳು

ಒಲಿಂಪಿಕ್ ಮಾದರಿಯ ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಬಗೆಯ ಎತ್ತುವಿಕೆಗಳಿವೆ. ಸ್ನ್ಯಾಚ್‌ನಲ್ಲಿ ಸರಳನ್ನು ನೆಲದಿಂದ ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಎತ್ತಬೇಕು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಸರಳನ್ನು ಮೊದಲು ಭುಜದ ಮಟ್ಟಕ್ಕೆ ತಂದು, ಅನಂತರ ತಲೆಯ ಮೇಲಕ್ಕೆ ತಳ್ಳಬೇಕು. ಪ್ರತಿಯೊಂದಕ್ಕೂ ಮೂರು ಅವಕಾಶಗಳಿರುತ್ತವೆ. ಎರಡರಲ್ಲೂ ಎತ್ತಿದ ಅತಿ ಹೆಚ್ಚಿನ ತೂಕಗಳನ್ನು ಕೂಡಿಸಿ ಸ್ಥಾನ ನಿರ್ಧರಿಸಲಾಗುತ್ತದೆ. ಎತ್ತುವಿಕೆ ಕ್ರಮಬದ್ಧವೇ ಎಂಬುದನ್ನು ಮೂವರು ತೀರ್ಪುಗಾರರು ಬಹುಮತದಿಂದ ತೀರ್ಮಾನಿಸುತ್ತಾರೆ.

ಒಮ್ಮೆ ಆರಂಭಿಸಿದ ತೂಕವನ್ನು ಮುಂದಿನ ಪ್ರಯತ್ನದಲ್ಲಿ ಇಳಿಸುವಂತಿಲ್ಲ. ವಿಫಲನಾದವನು ಅದೇ ತೂಕವನ್ನು ಮತ್ತೆ ಪ್ರಯತ್ನಿಸಬಹುದು ಅಥವಾ ಇನ್ನೂ ಹೆಚ್ಚಿನ ತೂಕವನ್ನು ಕೇಳಬಹುದು. ಎರಡು ಬಗೆಗಳಲ್ಲಿ ಯಾವುದಾದರೂ ಒಂದರಲ್ಲಿ ಮೂರೂ ಪ್ರಯತ್ನಗಳು ವಿಫಲವಾದರೆ ಸ್ಪರ್ಧಿಗೆ ಒಟ್ಟು ಅಂಕವೇ ಇರುವುದಿಲ್ಲ. ಇನ್ನೊಂದರಲ್ಲಿ ಎಷ್ಟೇ ಭಾರ ಎತ್ತಿದ್ದರೂ ಪದಕ ದೊರೆಯುವುದಿಲ್ಲ. ಗುರುರಾಜರ 2018ರ ಸ್ಪರ್ಧೆಯನ್ನು ಅರ್ಥಮಾಡಿಕೊಳ್ಳಲು ಈ ನಿಯಮ ಮುಖ್ಯವಾಗಿದೆ.

2016ರ ಸಾಧನೆಗಳು

2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್‌ಗಳಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಗುರುರಾಜ 56 ಕೆ.ಜಿ. ವಿಭಾಗದ ಚಿನ್ನದ ಪದಕ ಗೆದ್ದರು. ಅದೇ ವರ್ಷ ಮಲೇಷ್ಯಾದ ಪೆನಾಂಗ್‌ನಲ್ಲಿ ನಡೆದ ಕಾಮನ್‌ವೆಲ್ತ್ ವೇಟ್‌ಲಿಫ್ಟಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟು 249 ಕೆ.ಜಿ. (ಸ್ನ್ಯಾಚ್ 108, ಕ್ಲೀನ್ ಆ್ಯಂಡ್ ಜರ್ಕ್ 141) ಎತ್ತಿ ಚಿನ್ನ ಪಡೆದರು.

2018ರ ಕಾಮನ್‌ವೆಲ್ತ್ ಕ್ರೀಡಾಕೂಟ

ಗೋಲ್ಡ್ ಕೋಸ್ಟ್ ಕೂಟದಲ್ಲಿ ಪುರುಷರ 56 ಕೆ.ಜಿ. ವಿಭಾಗದ ಸ್ಪರ್ಧೆಯು ಏಪ್ರಿಲ್ 5, 2018ರಂದು ನಡೆಯಿತು. ಆಗ ಗುರುರಾಜರಿಗೆ 25 ವರ್ಷ. ಸ್ನ್ಯಾಚ್‌ನಲ್ಲಿ ಅವರ ಉತ್ತಮ ಎತ್ತುವಿಕೆ 111 ಕೆ.ಜಿ. ಆಗಿತ್ತು. ಈ ಹಂತದಲ್ಲಿ ಮಲೇಷ್ಯಾದ ಮುಹಮ್ಮದ್ ಇಝಾರ್ ಅಹ್ಮದ್ (117 ಕೆ.ಜಿ.) ಮತ್ತು ಶ್ರೀಲಂಕಾದ ಚತುರಂಗ ಲಕ್ಮಾಲ್ (114 ಕೆ.ಜಿ.) ಅವರಿಗಿಂತ ಮುಂದಿದ್ದರು.

ಕ್ಲೀನ್ ಆ್ಯಂಡ್ ಜರ್ಕ್‌ಗೆ ಗುರುರಾಜ 138 ಕೆ.ಜಿ. ತೂಕವನ್ನು ಆರಿಸಿಕೊಂಡರು. ಇದು ಅವರ ದೇಹತೂಕದ ಸುಮಾರು ಎರಡೂವರೆ ಪಟ್ಟು. ಮೊದಲ ಎರಡು ಪ್ರಯತ್ನಗಳೂ ವಿಫಲವಾದವು. ಮೂರನೆಯದೂ ಕೈತಪ್ಪಿದ್ದರೆ ಅವರು ಒಟ್ಟು ಅಂಕವಿಲ್ಲದೆ ಸ್ಪರ್ಧೆಯಿಂದ ಹೊರಬೀಳುತ್ತಿದ್ದರು. ಈ ಪದಕದ ಮೇಲೆ ತಮ್ಮ ಬದುಕು ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು ಆ ಹೊತ್ತಿನಲ್ಲಿ ತರಬೇತುದಾರರು ನೆನಪಿಸಿದರೆಂದೂ, ತಾವು ಕುಟುಂಬವನ್ನೂ ದೇಶವನ್ನೂ ನೆನೆದು ವೇದಿಕೆ ಹತ್ತಿದುದಾಗಿಯೂ ಗುರುರಾಜ ನಂತರ ಹೇಳಿದ್ದಾರೆ. ಕೊನೆಯ ಪ್ರಯತ್ನದಲ್ಲಿ 138 ಕೆ.ಜಿ. ಎತ್ತಿ ಅವರು ಒಟ್ಟು 249 ಕೆ.ಜಿ. ತಲುಪಿದರು. ಇದು ಪೆನಾಂಗ್‌ನಲ್ಲಿ ಅವರು ಮಾಡಿದ್ದ ವೈಯಕ್ತಿಕ ಶ್ರೇಷ್ಠ ಸಾಧನೆಗೆ ಸಮನಾಗಿತ್ತು.

ಈ ವಿಭಾಗದ ಫಲಿತಾಂಶ ಹೀಗಿತ್ತು:

- ಚಿನ್ನ: ಮುಹಮ್ಮದ್ ಇಝಾರ್ ಅಹ್ಮದ್ (ಮಲೇಷ್ಯಾ), 117 + 144 = 261 ಕೆ.ಜಿ.
- ಬೆಳ್ಳಿ: ಗುರುರಾಜ ಪೂಜಾರಿ (ಭಾರತ), 111 + 138 = 249 ಕೆ.ಜಿ.
- ಕಂಚು: ಚತುರಂಗ ಲಕ್ಮಾಲ್ (ಶ್ರೀಲಂಕಾ), 114 + 134 = 248 ಕೆ.ಜಿ.

ಎರಡನೆಯ ಮತ್ತು ಮೂರನೆಯ ಸ್ಥಾನಗಳ ನಡುವೆ ಇದ್ದ ಅಂತರ ಒಂದು ಕೆ.ಜಿ. ಮಾತ್ರ. ಅದೇ ದಿನ ಮೀರಾಬಾಯಿ ಚಾನು ಮಹಿಳೆಯರ 48 ಕೆ.ಜಿ. ವಿಭಾಗದಲ್ಲಿ ಭಾರತಕ್ಕೆ ಕೂಟದ ಮೊದಲ ಚಿನ್ನ ತಂದರು. ಆ ಕೂಟದಲ್ಲಿ ಭಾರತದ ವೇಟ್‌ಲಿಫ್ಟರ್‌ಗಳು ಐದು ಚಿನ್ನ, ಎರಡು ಬೆಳ್ಳಿ ಮತ್ತು ಎರಡು ಕಂಚು ಸೇರಿ ಒಟ್ಟು ಒಂಬತ್ತು ಪದಕ ಗೆದ್ದರು.

ತೂಕ ವಿಭಾಗದ ಬದಲಾವಣೆ

ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟವು 2018ರಲ್ಲಿ ದೇಹತೂಕದ ವಿಭಾಗಗಳನ್ನು ಬದಲಿಸಿತು. ಗುರುರಾಜ ಸ್ಪರ್ಧಿಸುತ್ತಿದ್ದ 56 ಕೆ.ಜಿ. ವಿಭಾಗವು ಆ ವರ್ಷದ ನವೆಂಬರ್‌ನಿಂದ ಇಲ್ಲವಾಯಿತು. ಪುರುಷರಿಗೆ 55 ಮತ್ತು 61 ಕೆ.ಜಿ. ವಿಭಾಗಗಳು ಹೊಸದಾಗಿ ಬಂದವು. ಇವೆರಡರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ್ದು 61 ಕೆ.ಜಿ. ವಿಭಾಗ ಮಾತ್ರ.

ಗುರುರಾಜ 61 ಕೆ.ಜಿ. ವಿಭಾಗಕ್ಕೆ ಏರಿದರು. ಮೇಲಿನ ವಿಭಾಗಕ್ಕೆ ಹೋಗುವ ವೇಟ್‌ಲಿಫ್ಟರ್ ದೇಹತೂಕವನ್ನು ಹೆಚ್ಚಿಸಿಕೊಂಡರೆ ಸಾಲದು. ಸ್ವಾಭಾವಿಕವಾಗಿಯೇ ಆ ತೂಕದವರಾಗಿರುವ ಎದುರಾಳಿಗಳಿಗೆ ಸರಿಸಮವಾದ ಬಲವನ್ನೂ ಬೆಳೆಸಿಕೊಳ್ಳಬೇಕಾಗುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದವರು ಮೀರಾಬಾಯಿ ಚಾನು ಒಬ್ಬರೇ. ಗುರುರಾಜರಿಗೆ ಒಲಿಂಪಿಕ್ಸ್‌ನ ಅವಕಾಶ ಒದಗಲಿಲ್ಲ.

2022ರ ಕಾಮನ್‌ವೆಲ್ತ್ ಕ್ರೀಡಾಕೂಟ

ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 61 ಕೆ.ಜಿ. ವಿಭಾಗದ ಸ್ಪರ್ಧೆಯು ಜುಲೈ 30, 2022ರಂದು ನಡೆಯಿತು. ಗುರುರಾಜ ಸ್ನ್ಯಾಚ್‌ನಲ್ಲಿ 118 ಕೆ.ಜಿ. ಹಾಗೂ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 151 ಕೆ.ಜಿ. ಎತ್ತಿ ಒಟ್ಟು 269 ಕೆ.ಜಿ.ಯೊಂದಿಗೆ ಕಂಚು ಪಡೆದರು.

- ಚಿನ್ನ: ಅಜ್ನಿಲ್ ಬಿನ್ ಬಿಡಿನ್ (ಮಲೇಷ್ಯಾ), 127 + 158 = 285 ಕೆ.ಜಿ.
- ಬೆಳ್ಳಿ: ಮೊರಿಯಾ ಬಾರು (ಪಪುವಾ ನ್ಯೂಗಿನಿ), 121 + 152 = 273 ಕೆ.ಜಿ.
- ಕಂಚು: ಗುರುರಾಜ ಪೂಜಾರಿ (ಭಾರತ), 118 + 151 = 269 ಕೆ.ಜಿ.

ನಾಲ್ಕನೆಯ ಸ್ಥಾನ ಪಡೆದ ಕೆನಡಾದ ಯೂರಿ ಸಿಮಾರ್ ಅವರ ಒಟ್ಟು ತೂಕ 268 ಕೆ.ಜಿ. (119 + 149) ಆಗಿತ್ತು. ಸ್ನ್ಯಾಚ್‌ನಲ್ಲಿ ಒಂದು ಕೆ.ಜಿ. ಹಿಂದಿದ್ದ ಗುರುರಾಜ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಎರಡು ಕೆ.ಜಿ. ಹೆಚ್ಚು ಎತ್ತಿ ಒಂದು ಕೆ.ಜಿ. ಅಂತರದಿಂದ ಪದಕವನ್ನು ಉಳಿಸಿಕೊಂಡರು. ಹೀಗೆ ಅವರ ಎರಡೂ ಪದಕಗಳ ಬಣ್ಣ ಅಥವಾ ಸ್ಥಾನ ನಿರ್ಧಾರವಾದುದು ಒಂದೊಂದು ಕೆ.ಜಿ.ಯಿಂದ. ಅದೇ ದಿನ ಸಂಕೇತ್ ಸರ್ಗರ್ 55 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಿದ್ದರಿಂದ, ಗುರುರಾಜರ ಕಂಚು ಆ ಕೂಟದಲ್ಲಿ ಭಾರತದ ಎರಡನೆಯ ಪದಕವಾಯಿತು. ವೇಟ್‌ಲಿಫ್ಟಿಂಗ್‌ನಲ್ಲಿ ಭಾರತ ಆ ಬಾರಿ ಮೂರು ಚಿನ್ನ, ಮೂರು ಬೆಳ್ಳಿ ಮತ್ತು ನಾಲ್ಕು ಕಂಚು ಸೇರಿ ಹತ್ತು ಪದಕ ಗಳಿಸಿತು.

2018ಕ್ಕೆ ಹೋಲಿಸಿದರೆ ಗುರುರಾಜರ ಒಟ್ಟು ತೂಕ ನಾಲ್ಕು ವರ್ಷಗಳಲ್ಲಿ 20 ಕೆ.ಜಿ. ಹೆಚ್ಚಿತ್ತು. ಇದರಲ್ಲಿ ಸ್ನ್ಯಾಚ್‌ನ ಪಾಲು 7 ಕೆ.ಜಿ., ಕ್ಲೀನ್ ಆ್ಯಂಡ್ ಜರ್ಕ್‌ನ ಪಾಲು 13 ಕೆ.ಜಿ.

ಮಹತ್ವ

ಕರಾವಳಿ ಕರ್ನಾಟಕದಲ್ಲಿ ವೇಟ್‌ಲಿಫ್ಟಿಂಗ್ ಮತ್ತು ಪವರ್‌ಲಿಫ್ಟಿಂಗ್ ಎರಡೂ ರೂಢಿಯಲ್ಲಿವೆ. ಸ್ಕ್ವಾಟ್, ಬೆಂಚ್‌ಪ್ರೆಸ್ ಮತ್ತು ಡೆಡ್‌ಲಿಫ್ಟ್ ಎಂಬ ಮೂರು ಅಂಗಗಳಿರುವ ಪವರ್‌ಲಿಫ್ಟಿಂಗ್ ಒಲಿಂಪಿಕ್ ಕ್ರೀಡೆಯಲ್ಲ. ಗುರುರಾಜರದು ಒಲಿಂಪಿಕ್ ಪಟ್ಟಿಯಲ್ಲಿರುವ ವೇಟ್‌ಲಿಫ್ಟಿಂಗ್.

ಗ್ರಾಮೀಣ ಹಿನ್ನೆಲೆಯ ಕಾಲೇಜು ಕ್ರೀಡಾಪಟುವೊಬ್ಬರು ಕ್ರೀಡೆಯನ್ನು ಜೀವನೋಪಾಯವಾಗಿಸಿಕೊಳ್ಳುವ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಗುರುರಾಜರ ಬದುಕು ತೋರಿಸುತ್ತದೆ. ಬಯಸಿದ ಕ್ರೀಡೆ ಅವರಿಗೆ ಒಲಿಯಲಿಲ್ಲ, ಮೊದಲು ಅರ್ಜಿ ಹಾಕಿದ ಸೇನೆ ಅವರನ್ನು ತೆಗೆದುಕೊಳ್ಳಲಿಲ್ಲ, ಪದಕ ತಂದ ತೂಕ ವಿಭಾಗವೂ ಉಳಿಯಲಿಲ್ಲ. ಕಾಲೇಜಿನಲ್ಲಿ ದೊರೆತ ತರಬೇತಿ ಮತ್ತು ವಾಯುಪಡೆಯ ಉದ್ಯೋಗ ಇವೆರಡೂ ಸಕಾಲದಲ್ಲಿ ಒದಗಿದ್ದರಿಂದ ಅವರು ಕ್ರೀಡೆಯಲ್ಲಿ ಮುಂದುವರಿದರು ಮತ್ತು ಎರಡು ಕಾಮನ್‌ವೆಲ್ತ್ ಕೂಟಗಳಲ್ಲಿ, ಎರಡು ಬೇರೆ ಬೇರೆ ತೂಕ ವಿಭಾಗಗಳಲ್ಲಿ ಪದಕ ಗಳಿಸಿದರು.