ಪದೇ ಪದೇ ರೀಸ್ಟಾರ್ಟ್ ಆಗುವ ರೂಟರ್‌ಗೂ ಒಂದು ಇತಿಹಾಸ ಇದೆ

ಮಳೆಗಾಲ ಶುರುವಾದರೆ ಕೊಲ್ಲೂರಿನಿಂದ ಮಂದಾರ್ತಿವರೆಗೆ ಕೇಳುವ ಮಾತು ಒಂದೇ: "ನೆಟ್ ಹೋಯ್ತ್ ಮರಾಯ್ರೆ." ಬೈಗುಳ ತಿನ್ನುವುದು ನೆಟ್ ಕೊಟ್ಟ ಕಂಪನಿ. ಆದರೆ ಹಳೆಯ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡವರ ಮನೆಯಲ್ಲಿ ತೊಂದರೆ ಲೈನಿನಲ್ಲೇ ಇರಬೇಕೆಂದಿಲ್ಲ. ಕಾರಣ ತಿಳಿಯಬೇಕಾದರೆ ನಾವು ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

2002ರ ಕೊನೆಗೆ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಬಿಟ್ಟಿತು. ಅದರೊಳಗೆ ಇದ್ದದ್ದು ಲಿನಕ್ಸ್. ಲಿನಕ್ಸ್ ಅನ್ನು ಯಾರೂ ಬಳಸಬಹುದು, ಆದರೆ ಅದನ್ನು ಹಾಕಿ ಮಾರುವವರು ಮೂಲ ಕೋಡನ್ನೂ ಕೊಡಬೇಕೆಂಬ ಷರತ್ತಿದೆ. ಕಂಪನಿ ಕೊಟ್ಟಿರಲಿಲ್ಲ. ಪ್ರೋಗ್ರಾಮರ್‌ಗಳು ಇದನ್ನು ಪತ್ತೆಹಚ್ಚಿ ಪಟ್ಟು ಹಿಡಿದರು. 2003ರಲ್ಲಿ ಕೋಡ್ ಹೊರಬಂತು. ಅದನ್ನೇ ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನಲ್ಲಿರುವ ಡಬ್ಲ್ಯುಆರ್‌ಟಿ ಆ ರೂಟರಿನದ್ದೇ.

2005ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ವೈಫೈಗೆ ಲೈಸೆನ್ಸ್ ಬೇಡ ಎಂದಿತು. ಮರುತಿಂಗಳೇ ಹಿಮಾಚಲದ ಧರ್ಮಶಾಲಾದಲ್ಲಿ ಇದೇ ಲಿಂಕ್‌ಸಿಸ್ ಪೆಟ್ಟಿಗೆಗಳನ್ನು ತಿದ್ದಿ ಗುಡ್ಡದಿಂದ ಗುಡ್ಡಕ್ಕೆ ಜಾಲ ಕಟ್ಟಲು ಶುರುಮಾಡಿದರು. ತಿಂಗಳೊಳಗೆ 8 ಕ್ಯಾಂಪಸ್‌ಗಳು ಸೇರಿದವು. ಕಂಪನಿ ಬರುವವರೆಗೆ ಕಾಯದೆ ಊರವರೇ ನೆಟ್ ಹಂಚಿಕೊಳ್ಳಬಹುದು ಎಂದು ಅದು ತೋರಿಸಿತು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಡಬ್ಲ್ಯುಆರ್‌ಟಿ54ಜಿಯ 5ನೇ ಆವೃತ್ತಿಯಲ್ಲಿ ಲಿನಕ್ಸ್ ಹೋಯಿತು, ರ‍್ಯಾಮ್ 16 ಎಂಬಿಯಿಂದ 8ಕ್ಕೆ, ಫ್ಲ್ಯಾಶ್ ಮೆಮೊರಿ 4ರಿಂದ 2ಕ್ಕೆ ಇಳಿಯಿತು. ಹೊರಗಿನ ಪೆಟ್ಟಿಗೆ ಅದೇ, ಒಳಗಿನ ಸಾಮಾನು ಅರ್ಧ. ಇತ್ತ ಸಾಫ್ಟ್‌ವೇರ್ ದೊಡ್ಡದಾಗುತ್ತಲೇ ಹೋಯಿತು. 2021ರ ಓಪನ್‌ಡಬ್ಲ್ಯುಆರ್‌ಟಿ 21.02ಕ್ಕೆ ಕನಿಷ್ಠ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಬೇಕಾಯಿತು. 4 ಎಂಬಿ, 32 ಎಂಬಿಯ ಅಗ್ಗದ ರೂಟರ್‌ಗಳು ಹಿಂದೆ ಉಳಿದವು. ರ‍್ಯಾಮ್ ತುಂಬಿದರೆ ಲಿನಕ್ಸ್ ಯಾವುದೋ ಒಂದು ಕೆಲಸವನ್ನು ನಿಲ್ಲಿಸಿಬಿಡುತ್ತದೆ, ಇಲ್ಲವೇ ರೂಟರೇ ಮತ್ತೆ ಶುರುವಾಗುತ್ತದೆ.

ಈ ಇತಿಹಾಸ ಗೊತ್ತಿದ್ದರೆ ಪರೀಕ್ಷೆ ಸುಲಭ. ಮೊದಲು ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಮಾಡೆಲ್ ಜೊತೆಗೆ ಆವೃತ್ತಿಯನ್ನೂ ಓದಿ. ಮಾಡೆಲ್ ಒಂದೇ ಆದರೂ ಆವೃತ್ತಿ ಬೇರೆಯಾದರೆ ಒಳಗಿನದ್ದು ಬೇರೆಯೇ ಇರಬಹುದು. ನೆಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಬೇಡಿ, ಲಾಗ್ ಇರುವುದು ರ‍್ಯಾಮಿನಲ್ಲಿ, ಕರೆಂಟ್ ತೆಗೆದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ಫೋನಿನಲ್ಲೇ ರೂಟರಿನ ಪುಟ ತೆರೆದು ಅಪ್‌ಟೈಮ್ ನೋಡಿ. ಹತ್ತು ನಿಮಿಷ ಎಂದಿದ್ದರೆ ರೂಟರ್ ತಾನೇ ರೀಸ್ಟಾರ್ಟ್ ಆಗಿದೆ. ಆಗ ಅದೇ ವೋಲ್ಟ್‌ನ, ಆಂಪಿಯರ್ ಕಡಿಮೆ ಇಲ್ಲದ ಬೇರೆ ಅಡಾಪ್ಟರ್ ಹಾಕಿ ನೋಡಿ. ಹಳೆಯ ಅಡಾಪ್ಟರ್ ಲೋಡ್ ಬಿದ್ದಾಗ ವೋಲ್ಟೇಜ್ ಇಳಿಸುತ್ತದೆ. ಆಮೇಲೂ ಹಾಗೇ ಆದರೆ ಉಳಿದಿರುವ ರ‍್ಯಾಮ್ ಎಷ್ಟೆಂದು ನೋಡಿ, ಬೇಡದ ಪ್ಯಾಕೇಜ್ ತೆಗೆಯಿರಿ. ಅಪ್‌ಟೈಮ್ ಐದು ದಿನ ಎಂದಿದ್ದರೆ ರೂಟರ್ ಬಿದ್ದಿಲ್ಲ. ಕೇಬಲ್ ಹಾಕಿದಾಗ ನೆಟ್ ಬರುತ್ತದೆಯೇ? ಹಾಗಾದರೆ ವೈಫೈ ಚಾನೆಲ್ ಬದಲಿಸಿ: 1, 6 ಅಥವಾ 11. ಕೇಬಲ್‌ನಲ್ಲೂ ಬರದಿದ್ದರೆ ಮಾತ್ರ ಕಂಪನಿಗೆ ಫೋನ್ ಮಾಡಿ.

ತೀರಾ ಚಿಕ್ಕ ರೂಟರ್ ಸರಿಹೋದರೂ ಅದಕ್ಕೆ ಹೊಸ ಭದ್ರತಾ ಅಪ್‌ಡೇಟ್ ಸಿಗುವುದಿಲ್ಲ. ಮನೆಯವರು ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದಾದರೆ ಹೊರಗಿನ ಲೈನನ್ನು ಅದಕ್ಕೆ ಸಿಕ್ಕಿಸಬೇಡಿ. ಕೋಡ್ ಕೇಳಿ ಪಡೆದವರು ನಮಗೆ ಪೆಟ್ಟಿಗೆ ತೆರೆದು ನೋಡುವ ಹಕ್ಕು ಕೊಟ್ಟರು. ಅದನ್ನು ಯಾವಾಗ ಬಿಡಬೇಕೆಂದು ತೀರ್ಮಾನಿಸುವ ಕೆಲಸ ನಮ್ಮದು.