ನೂರು ವರ್ಷ ಕಾದ ವಾಹನ



ವಿದ್ಯುತ್ ಕಾರು ಇಪ್ಪತ್ತೊಂದನೆಯ ಶತಮಾನದ ಕೊಡುಗೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಹಸಿರು ಸಂಖ್ಯಾಫಲಕ ಹೊತ್ತು ಸದ್ದಿಲ್ಲದೆ ಸಾಗುವ ವಾಹನವನ್ನು ಕಂಡಾಗ, ಕಾಲವು ಎಷ್ಟೊಂದು ಮುಂದುವರಿದಿದೆ ಎಂದು ಬೆರಗಾಗುತ್ತೇವೆ. ಆದರೆ ಇತಿಹಾಸ ಬೇರೆಯದೇ ಮಾತನ್ನು ಹೇಳುತ್ತದೆ. ಈ ವಾಹನ ನಮ್ಮ ಮುತ್ತಜ್ಜಂದಿರ ಕಾಲದಲ್ಲಿಯೇ ಹುಟ್ಟಿತ್ತು. ಹುಟ್ಟಿ, ಮೆರೆದು, ಮರೆಯಾಗಿತ್ತು. ಅದು ಏಕೆ ಮರೆಯಾಯಿತು ಎಂಬುದನ್ನು ಅರಿತುಕೊಂಡರೆ, ಇಂದು ಅದು ಮರಳಿ ಬಂದಿರುವಾಗ ನಾವು ಏನನ್ನು ಗಮನಿಸಬೇಕು ಎಂಬುದೂ ತಿಳಿದೀತು.

ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಪೆಟ್ರೋಲಿನದಲ್ಲ. 1899ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಎಂಬವರು ಪ್ಯಾರಿಸ್ ಸಮೀಪ ಆ ಸಾಹಸ ಮಾಡಿದ್ದು ವಿದ್ಯುತ್ ವಾಹನದಲ್ಲಿ. ಮರುವರ್ಷ, ಅಂದರೆ 1900ರಲ್ಲಿ, ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಹಬೆಯಿಂದಲೂ 1,575 ವಿದ್ಯುತ್ತಿನಿಂದಲೂ ಓಡುತ್ತಿದ್ದವು. ಪೆಟ್ರೋಲ್ ಕಾರುಗಳ ಸಂಖ್ಯೆ ಕೇವಲ 936. ಅಂದಿನ ಪೆಟ್ರೋಲ್ ಕಾರನ್ನು ಚಾಲನೆಗೊಳಿಸಲು ಕಬ್ಬಿಣದ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಸಿಡಿದು ಕೈಮೂಳೆ ಮುರಿದವರು ಹಲವರು. ಹೊಗೆಯಿಲ್ಲದ, ವಾಸನೆಯಿಲ್ಲದ, ಕುಳಿತೊಡನೆ ಹೊರಡುವ ವಿದ್ಯುತ್ ಕಾರನ್ನು ನಗರದ ಜನರು, ವಿಶೇಷವಾಗಿ ಮಹಿಳೆಯರು, ಮೆಚ್ಚಿದ್ದು ಸಹಜವೇ. ಪೆಟ್ರೋಲ್ ಕಾರುಗಳ ದೊರೆ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಸಹ ಬಳಸುತ್ತಿದ್ದುದು ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ವಿದ್ಯುತ್ ಕಾರನ್ನು!

ಹಾಗಾದರೆ ಅದು ಸೋತದ್ದೇಕೆ? ಬ್ಯಾಟರಿ ಭಾರವಾಗಿತ್ತು, ಅದರ ಶಕ್ತಿ ಬಹುದೂರಕ್ಕೆ ಸಾಲುತ್ತಿರಲಿಲ್ಲ ಎಂಬುದು ನಿಜ. ಆದರೆ ಕಾರಣ ಅದೊಂದೇ ಅಲ್ಲ. 1901ರಲ್ಲಿ ಟೆಕ್ಸಾಸ್ ಪ್ರಾಂತ್ಯದಲ್ಲಿ ತೈಲ ಉಕ್ಕಿತು, ಪೆಟ್ರೋಲ್ ಅಗ್ಗವಾಯಿತು. 1908ರಲ್ಲಿ ಫೋರ್ಡ್ ಅವರ ‘ಮಾಡೆಲ್ ಟಿ’ ಬಂದಿತು. ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಅಮೆರಿಕದ ಹಳ್ಳಿಗಳಲ್ಲಿ 1930ರ ದಶಕದವರೆಗೂ ಬಹುಪಾಲು ಮನೆಗಳಿಗೆ ವಿದ್ಯುತ್ತೇ ಇರಲಿಲ್ಲ. ಪೆಟ್ರೋಲನ್ನಾದರೋ ಡಬ್ಬಿಯಲ್ಲಿ ತುಂಬಿಕೊಂಡು ಎಲ್ಲಿಗಾದರೂ ಒಯ್ಯಬಹುದಾಗಿತ್ತು. ಕೊನೆಗೆ, 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ‘ಸೆಲ್ಫ್ ಸ್ಟಾರ್ಟರ್’ ಬಂದು ಕೈಹಿಡಿಕೆಯ ಕಷ್ಟವನ್ನು ನೀಗಿಸಿತು. ಆ ಸ್ಟಾರ್ಟರ್ ಎಂದರೆ ಒಂದು ಚಿಕ್ಕ ವಿದ್ಯುತ್ ಮೋಟಾರು! ವಿದ್ಯುತ್ ಕಾರಿನ ಹೃದಯವನ್ನೇ ಎರವಲು ಪಡೆದು ಪೆಟ್ರೋಲ್ ಕಾರು ಅದನ್ನು ಸೋಲಿಸಿತು. ಯಂತ್ರವೊಂದರ ಅಳಿವು-ಉಳಿವನ್ನು ನಿರ್ಧರಿಸುವುದು ಆ ಯಂತ್ರದ ಗುಣ ಮಾತ್ರವಲ್ಲ, ಅದರ ಸುತ್ತ ಸಮಾಜವು ಕಟ್ಟಿಕೊಡುವ ವ್ಯವಸ್ಥೆ ಎಂಬುದು ಇಲ್ಲಿನ ಪಾಠ.

ಈ ಪಾಠಕ್ಕೆ ಮತ್ತೊಂದು ಸಾಕ್ಷಿ ಇದೆ. ವಾಯುಮಾಲಿನ್ಯದಿಂದ ಬಳಲಿದ ಕ್ಯಾಲಿಫೋರ್ನಿಯಾ ರಾಜ್ಯವು 1990ರಲ್ಲಿ, ಹೊಗೆಯುಗುಳದ ವಾಹನಗಳನ್ನೂ ಮಾರಲೇಬೇಕೆಂದು ದೊಡ್ಡ ಕಂಪನಿಗಳಿಗೆ ನಿಯಮ ವಿಧಿಸಿತು. ಜನರಲ್ ಮೋಟಾರ್ಸ್ ಸಂಸ್ಥೆಯು 1996ರಿಂದ ‘ಇವಿ1’ ಎಂಬ ಸುಂದರ ಕಾರನ್ನು ತಯಾರಿಸಿ, ಮಾರದೆ, ಬಾಡಿಗೆ ಕರಾರಿನ ಮೇಲೆ ಮಾತ್ರ ಕೊಟ್ಟಿತು. ತಯಾರಾದವು 1,117. ಲಾಭವಿಲ್ಲವೆಂದು ಸಂಸ್ಥೆಯು ಯೋಜನೆಯನ್ನು ಕೈಬಿಟ್ಟು ಕಾರುಗಳನ್ನು ಹಿಂದಕ್ಕೆ ಪಡೆಯಿತು. ನಾವೇ ಹಣ ಕೊಟ್ಟು ಕೊಳ್ಳುತ್ತೇವೆಂದು ಬಳಕೆದಾರರು ಬೇಡಿಕೊಂಡರೂ ಒಪ್ಪದೆ, ಬಹುಪಾಲು ಕಾರುಗಳನ್ನು ಜಜ್ಜಿ ಗುಜರಿಗೆ ಹಾಕಿತು.

ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಮತ್ತೊಂದು ಪ್ರಯತ್ನ ನಡೆದಿತ್ತು. ಇಲ್ಲಿನ ಮೈನಿ ಸಮೂಹವು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯ ಜೊತೆಗೂಡಿ 1994ರಲ್ಲಿ ಆರಂಭಿಸಿದ ಸಂಸ್ಥೆ, 2001ರಲ್ಲಿ ‘ರೇವಾ’ ಕಾರನ್ನು ಮಾರುಕಟ್ಟೆಗೆ ತಂದಿತು. ಚೇತನ್ ಮೈನಿ ಅದರ ರೂವಾರಿ. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಗೇರು, ಕ್ಲಚ್ಚುಗಳ ಗೊಡವೆಯಿಲ್ಲ, ಮನೆಯ ಪ್ಲಗ್ಗಿನಲ್ಲಿಯೇ ಚಾರ್ಜು, ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಓಟ. ಲಂಡನ್ ನಗರದಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ನಗರಮಧ್ಯದ ದಟ್ಟಣೆ ಶುಲ್ಕದಿಂದ ಅಲ್ಲಿ ವಿದ್ಯುತ್ ವಾಹನಗಳಿಗೆ ವಿನಾಯಿತಿ ಇದ್ದದ್ದು ಅದಕ್ಕೆ ಅನುಕೂಲವಾಯಿತು.

ಅದರ ರೂಪವನ್ನು ಕಂಡು ನಕ್ಕವರು ಬಹಳ. ಲೋಪಗಳೂ ಇದ್ದವು: ಬ್ರಿಟನ್ನಿನಲ್ಲಿ 2007ರಲ್ಲಿ ನಡೆದ ಡಿಕ್ಕಿ ಪರೀಕ್ಷೆಯಲ್ಲಿ ಅದು ಪ್ರಯಾಣಿಕರಿಗೆ ಸಾಕಷ್ಟು ರಕ್ಷಣೆ ನೀಡಲಿಲ್ಲ. ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ರೇವಾ ಕೇಳಿದ ಪ್ರಶ್ನೆ ಸರಿಯಾದದ್ದೆಂದು ನನ್ನ ಅಭಿಪ್ರಾಯ: ನಗರದ ಒಂದು ಕುಟುಂಬಕ್ಕೆ ದಿನನಿತ್ಯ ನಿಜವಾಗಿ ಬೇಕಾದುದೆಷ್ಟು? ಸ್ವದೇಶದಲ್ಲಿ ಅದಕ್ಕೆ ವ್ಯವಸ್ಥೆಯ ಬೆಂಬಲ ದೊರೆಯಲಿಲ್ಲ. ಚಾರ್ಜು ಮಾಡುವ ತಾಣಗಳು ವಿರಳ; ಅದಕ್ಕಿಂತ ಕಡಿಮೆ ಬೆಲೆಗೆ ನಾಲ್ಕು ಬಾಗಿಲಿನ ಪೆಟ್ರೋಲ್ ಕಾರು ಲಭ್ಯ. 2010ರಲ್ಲಿ ಮಹೀಂದ್ರ ಸಂಸ್ಥೆಯು ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ದೇಶದಲ್ಲಿಯೇ ಮೊದಲನೆಯದಾಗಿ ಕರ್ನಾಟಕವು ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ್ದು 2017ರಲ್ಲಿ, ರೇವಾ ಬಂದ ಹದಿನಾರು ವರ್ಷಗಳ ತರುವಾಯ.

ವ್ಯವಸ್ಥೆ ಕೂಡಿಬಂದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆ ನಿದರ್ಶನ. ಸ್ವತಃ ತೈಲ ಮಾರಿ ಬದುಕುವ ಆ ದೇಶ 1990ರ ದಶಕದಿಂದಲೇ ವಿದ್ಯುತ್ ಕಾರುಗಳಿಗೆ ತೆರಿಗೆ ವಿನಾಯಿತಿ ಕೊಡುತ್ತ ಬಂದಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ ಕಾರುಗಳೇ.

ಓದುಗರೇ, ಇಲ್ಲಿಗೇ ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಾರು ಬದಲಾದರೂ ನಮ್ಮ ಆಸೆ ಬದಲಾಗಿಲ್ಲ. ಇವಿ1ಅನ್ನು ಗುಜರಿಗೆ ಹಾಕಿದ ಸಂಸ್ಥೆಯೇ ಈಗ ‘ಹಮ್ಮರ್’ ಎಂಬ ವಿದ್ಯುತ್ ವಾಹನವನ್ನು ತಯಾರಿಸಿದೆ. ಅದರ ತೂಕ ನಾಲ್ಕು ಸಾವಿರ ಕಿಲೋಗ್ರಾಮಿಗೂ ಅಧಿಕ. ಅದರ ಬ್ಯಾಟರಿಯೊಂದೇ ಇಡೀ ರೇವಾ ಕಾರಿಗಿಂತ ಭಾರ! ಹೊಗೆಕೊಳವೆ ಇಲ್ಲದ ಮಾತ್ರಕ್ಕೆ ಇದನ್ನು ಮಿತವ್ಯಯ ಎನ್ನಲಾದೀತೇ? ಅನೇಕ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಲೋಹದ ಬಹುಪಾಲು ಕಾಂಗೋ ದೇಶದ ನೆಲದಿಂದ ಬರುತ್ತದೆ. ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಕೋಬಾಲ್ಟ್ ಬೇಡದ ಬ್ಯಾಟರಿಗಳು ಈಗ ಹೆಚ್ಚುತ್ತಿರುವುದು ಸಮಾಧಾನದ ಸಂಗತಿ. ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಉತ್ಪಾದನೆಯಾಗುತ್ತಿದೆ ಎಂಬುದನ್ನೂ ಮರೆಯಬಾರದು.

ಆದುದರಿಂದ ಹೊಸ ವಾಹನ ಕೊಳ್ಳುವ ಮಾತು ಮನೆಯಲ್ಲಿ ಬಂದಾಗ, ಪೆಟ್ರೋಲೋ ವಿದ್ಯುತ್ತೋ ಎಂಬುದಷ್ಟನ್ನೇ ಚರ್ಚಿಸಿದರೆ ಸಾಲದು. ದಿನಕ್ಕೆ ನಾವು ಹೋಗಿಬರುವ ದೂರವೆಷ್ಟು? ಅದಕ್ಕೆ ಎಷ್ಟು ದೊಡ್ಡ ವಾಹನ ಬೇಕು? ಬಸ್ಸಿನಲ್ಲಿಯೇ ಹೋಗಬಹುದೇ? ರೇವಾ ಕಾರು ಈಗ ತಯಾರಾಗುತ್ತಿಲ್ಲ. ಅದು ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದವರು ಕಾರು ತಯಾರಕರು ಮಾತ್ರವಲ್ಲ, ಕೊಳ್ಳುವ ನಾವೂ ಹೌದು.